ಒಡ್ಡಿನ ಮ್ಯಾಲಿನ ನಿದ್ದಿ

ಮೊದಲನೇ ಕೂಸು ಹೋದ ಮ್ಯಾಲ ಮತ್ತ ಬಸುರಾಗಿದ್ದೆ. ಹೊಟ್ಟಿ ಮುಂದ ಬಂದ್ರೂ ಗೋಗಿ ಊರ ಕಡೆ ಕಾಲುವಿ ನೀರಿನ ಗದ್ದಿಗೆ ಭತ್ತ ಹಚ್ಚಾಕ ಹೋಗತಿದ್ದೆ. "ಕೆಲಸ ಯಾವಾಗ ಬಿಡ್ತಿ?" ಅಂತ ಎಲ್ಲಾರೂ ಕೇಳತಿದ್ರು. ಮನ್ಯಾಗ ಕುಂತ್ರ ಹೋದ ಕೂಸೇ ನೆನಪಾಗಿ ನಿದ್ದಿ ಹತ್ತತಿರಲಿಲ್ಲ.

ಒಂದಿನ ನಮ್ಮ ಗುಂಪಿನ ಹಿರಿಯಾಕಿ ಶಾಂತವ್ವ ನನ್ನ ಕೈಯಾಗಿನ ಸಸಿ ಕಸಗೊಂಡು, "ಒಡ್ಡಿನ ಮ್ಯಾಲ ಕುಂತು ನಮಗ ಸಸಿ ಒಗಿ, ಸಾಕು" ಅಂದಳು. ಬಸುರಿಗೆ ನಮ್ಮಲ್ಲಿ ಅದೇ ಜಾಗ. ಕುಂತಾಕಿ ಹಂಗೇ ಮಲಗಿಬಿಟ್ಟೆ. ಎದ್ದಾಗ ಹೊತ್ತು ಇಳಿದಿತ್ತು, ಗದ್ದಿ ಪೂರಾ ಹಚ್ಚಿ ಮುಗಿದಿತ್ತು. ನನ್ನ ಮ್ಯಾಲ ಹಳೇ ಸೀರಿ ಕಟ್ಟಿ ನೆರಳು ಮಾಡಿದ್ರು.

ನಾಚಿಕಿ ಆಗಿ, "ನಾಳಿಂದ ಬರಂಗಿಲ್ಲಕ್ಕ" ಅಂದೆ.

"ಯಾಕ, ಮನ್ಯಾಗ ನಿದ್ದಿ ಬರ್ತದೇನು?" ಅಂದಳು ಶಾಂತವ್ವ.

ಕೆಲಸ ಯಾವತ್ತು ಬಿಟ್ಟಿ ಅಂತ ಈಗಲೂ ಕೇಳ್ತಾರ. ಏನಂತ ಹೇಳ್ಲಿ? ಅದರ ಮರುದಿನ ಒಡ್ಡಿಗೆ ದಿಂಬು ತಗೊಂಡೇ ಹೋದೆ.