ಹಿತ್ತಲಿನ ಪೆನಲ್ಟಿ

ನಮ್ಮವರು ನೌಕರಿಯಿಂದ ರಿಟೈರ್ ಆದರು, ಫುಟ್‌ಬಾಲ್‌ನಿಂದ ಮಾತ್ರ ಆಗಲಿಲ್ಲ. ಮುಂಬೈಯ ಕಂಪನಿ ಟೀಮಿಗೆ, ಆಮೇಲೆ ಇಂಡಿಯಾ ಟೀಮಿಗೆ ಆಡಿ, ರಂಗೂನ್, ಕೌಲಾಲಂಪುರ ಎಂದು ತಿರುಗಿದವರು. ತೊಂಬತ್ತರ ದಶಕದಲ್ಲಿ ಸವದತ್ತಿಯ ಮನೆಗೆ ಮರಳಿದಾಗ ಜೊತೆಗೆ ತಂದದ್ದು ಒಂದು ನೀಲಿ ಬ್ಲೇಜರ್, ಒಂದು ಹಾಳಾದ ಬಲ ಮೊಣಕಾಲು. ಅವರ ಒಂದು ಮ್ಯಾಚನ್ನೂ ನಾನು ನೋಡಿದವಳಲ್ಲ. ನಾನು ಗ್ರೌಂಡಿಗೆ ಬಂದರೆ ಟೀಮ್ ಸೋಲುತ್ತದಂತೆ. ವಾಟ್ ನಾನ್ಸೆನ್ಸ್! ಪೇಪರಿನ ಮಸುಕು ಫೋಟೋಗಳಲ್ಲೇ ಗಂಡನ ಆಟ ನೋಡಿದ್ದಾಯಿತು.

ನಮ್ಮ ಕಡೆ ಫುಟ್‌ಬಾಲ್ ಯಾರಿಗೆ ಬೇಕು? ಆದರೂ ಇಂಟರ್‌ನ್ಯಾಷನಲ್ ಪ್ಲೇಯರ್ ಎಂದು ಎಲ್ಲದಕ್ಕೂ ಇವರೇ ಚೀಫ್ ಗೆಸ್ಟ್. ಬೈಲಹೊಂಗಲದ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಕೈಗೆ ಬ್ಯಾಟ್ ಕೊಟ್ಟರು. ಕಿತ್ತೂರಿನ ಕಬಡ್ಡಿಯಲ್ಲಿ ಮೈಕಿನವನು ಇವರನ್ನು "ಹಾಕಿ ಆಟಗಾರರು" ಎಂದು ಪರಿಚಯಿಸಿದ. ಇವರು ತಿದ್ದಲೂ ಇಲ್ಲ, ಶಾಲು ಹೊದ್ದು ನಕ್ಕರು. ಹೋದಲ್ಲೆಲ್ಲ ಒಂದು ಚೆಂಡು ಕೇಳಿ ಒದೆಯುವುದು, ಮರುದಿನ ಕುಂಬಳಕಾಯಿಯಾದ ಮೊಣಕಾಲಿಗೆ ನಾನು ಉಪ್ಪಿನ ಶಾಖ ಕೊಡುವುದು. ರಾಮದುರ್ಗದಲ್ಲಿ ಫುಟ್‌ಬಾಲೇ ಇರಲಿಲ್ಲ, ವಾಲಿಬಾಲ್ ತಂದಿಟ್ಟರು. ಅದನ್ನೂ ಒದ್ದರು. ಚೆಂಡು ಶಾಮಿಯಾನದ ಮೇಲೆ ಹೋಯಿತು, ಇವರು ನೆಲಕ್ಕೆ ಕುಸಿದರು. ಇಬ್ಬರು ಎತ್ತಿ ಜೀಪಿಗೆ ಹಾಕಿದರು.

ಬೆಳಗಾವಿಯ ಡಾಕ್ಟರು ನೋಡಿ, ಮೊಣಕಾಲು ಬದಲಿಸಲೇಬೇಕು, ಆಮೇಲೆ ಚೆಂಡಿಗೆ ಕಾಲು ಹಚ್ಚುವಂತಿಲ್ಲ ಎಂದರು. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ, "ಅಷ್ಟೇನ ನೋವಿಲ್ರಿ ಡಾಕ್ಟ್ರ" ಎಂದರು. ಆ ನೋಟ ನನಗೆ ಗೊತ್ತು. ಸುಳ್ಳು ಹೇಳುವಾಗ ಇವರ ಕಣ್ಣು ಎತ್ತಲೋ ಹೋಗುತ್ತದೆ. ಕದ್ದು ತಿಂದ ಶೇಂಗಾ ಉಂಡಿಯಿಂದ ಹಿಡಿದು ಒಂದೂ ನನ್ನಿಂದ ತಪ್ಪಿಸಿಕೊಂಡಿರಲಿಲ್ಲ.

ಎರಡು ವರ್ಷ ಆಪರೇಷನ್ ಮುಂದೂಡಿದರು. ಒಮ್ಮೆ ತಂಗಿಯ ಮನೆಯ ಮದುವೆ, ಒಮ್ಮೆ ಹುಣ್ಣಿಮೆ ಜಾತ್ರೆಯ ಗದ್ದಲಕ್ಕೆ ಉಗರಗೋಳದ ದಾರಿಯಲ್ಲಿ ಗಾಡಿ ಅಲ್ಲಾಡುವುದಿಲ್ಲ ಎಂಬ ನೆವ. ಬೆಳಗಾವಿಗೆ ಹೋಗುವವರಿಗೆ ಬೇರೆ ದಿಕ್ಕಿನ ಉಗರಗೋಳ ಯಾಕೆ ಬೇಕು? ಕೊನೆಗೆ ಬಚ್ಚಲಮನೆಯ ಮೆಟ್ಟಿಲು ಹತ್ತಲೂ ಆಗದಾದಾಗ ಒಪ್ಪಿದರು.

ಹೊರಡುವ ದಿನ ಜೀಪು ಬಾಗಿಲಲ್ಲಿ ನಿಂತಿದೆ, ಥರ್ಮಾಸ್ ತುಂಬಿಸಿಟ್ಟಿದ್ದೇನೆ, ಇವರೇ ಇಲ್ಲ. ಹಿತ್ತಲಿಗೆ ಹೋದರೆ ಕೋಲೂರಿ, ಚೆಂಡಿನ ಮುಂದೆ ನಿಂತಿದ್ದಾರೆ.

"ಒಂದ ಪೆನಲ್ಟಿ. ಗೋಲ್ ಆದಮ್ಯಾಲ ಜೀಪ್ ಹತ್ತತೇನಿ."

"ಗೋಲಿನ್ಯಾಗ ಯಾರ ನಿಲ್ಲಬೇಕ್ರಿ?"

"ನೀನ."

ಅರಿವೆ ಒಗೆಯುವ ಕಲ್ಲಿಗೂ ತಂತಿ ಕಟ್ಟಿದ ಕಂಬಕ್ಕೂ ನಡುವೆ ಗೋಲು. ಸೆರಗು ಸಿಕ್ಕಿಸಿ ನಿಂತೆ. ಚೆಂಡು ಮೆಲ್ಲಗೆ ಬಂತು. ಧಾರವಾಡದ ಕಾನ್ವೆಂಟಿನಲ್ಲಿ ನಾನು ಥ್ರೋಬಾಲ್ ಕ್ಯಾಪ್ಟನ್. ಕೈಗಳು ತಾವಾಗಿಯೇ ಹಿಡಿದುಬಿಟ್ಟವು. ಎರಡನೆಯದೂ ಹಾಗೇ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಇನ್ನೊಂದನ್ನು ಬಿಟ್ಟುಕೊಟ್ಟು ಮುಗಿಸೋಣ ಎಂದುಕೊಂಡೆ. ಅದೂ ಅವರಿಗೆ ತಿಳಿಯಿತು.

"ಬೇಕಂತ ಬಿಟ್ಟಿ ಅಂದ್ರ ಲೆಕ್ಕಕ್ಕಿಲ್ಲ ನೋಡು. ನಾ ಇಲ್ಲೇ ಕುಂದರಾಂವ."

ನನಗೆ ರೇಗಿತು. ಆಡೇ ತೋರಿಸುತ್ತೇನೆ ಎಂದು ಬಗ್ಗಿ ನಿಂತೆ. ಅವರು ಕೋಲು ಗೋಡೆಗೆ ಆನಿಸಿ ಒಗೆಯುವ ಕಲ್ಲಿನತ್ತ ದಿಟ್ಟಿಸಿದರು. ಆ ನೋಟ ನನಗೆ ಗೊತ್ತಲ್ಲ! ಹಾಗಾದರೆ ಚೆಂಡು ಬರುವುದು ಕಂಬದ ಕಡೆಗೆ. ಕಂಬದತ್ತ ವಾಲಿದೆ. ಚೆಂಡು ಸೀದಾ ಕಲ್ಲಿನ ಪಕ್ಕದಲ್ಲಿ, ಅವರು ನೋಡಿದ ಜಾಗದಲ್ಲೇ ನುಸುಳಿ ಹೋಗಿ ಕರಿಬೇವಿನ ಬುಡದಲ್ಲಿ ನಿಂತಿತು.

ಇವರು ಕೈ ಎತ್ತಲಿಲ್ಲ, ಕೂಗಲಿಲ್ಲ. ಕೋಲು ತೆಗೆದುಕೊಂಡು ಹೋಗಿ ಜೀಪಿನಲ್ಲಿ ಕುಳಿತರು.

ಯರಗಟ್ಟಿ ದಾಟುವವರೆಗೆ, ಮದುವೆಯಾದಾಗಿನಿಂದ ನಾನು ಹಿಡಿದ ಸುಳ್ಳುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೆ. ಕಡೆಗೆ ತಡೆಯಲಾರದೆ ಕೇಳಿದೆ.

"ರೀ, ಖರೇ ಹೇಳ್ರಿ. ಹಿಂದ ನನಗ ಹಿಂಗ ಎಷ್ಟ ಸಲ ಮಾಡೀರಿ?"

ಅವರು ಕಿಟಕಿಯಾಚೆಯ ಜೋಳದ ಹೊಲ ನೋಡುತ್ತ ಹೇಳಿದರು, "ಒಮ್ಮೆನೂ ಇಲ್ಲ."