ಕೋಲಿನ ಸುತ್ತಲಿನ ಕುದಿ

ಇವತ್ತು ಮುದ್ದೆಗೆ ಎಸರಿಟ್ಟು ರಾಗಿಹಿಟ್ಟು ಸುರಿದಾಗ ಅದರ ಹಸಿ ವಾಸನೆ ಮೂಗಿಗೆ ಬಡಿಯಿತು. ಕೋಲು ಊರಲು ಹೋದ ಕೈ ಅಲ್ಲೇ ನಿಂತಿತು. ಮಹಡಿಮನೆ ಮೇಡಂ ನೆನಪಾದರು...

ಮಧುಗಿರಿಯ ನಮ್ಮ ಮನೆಗೆ ಅವರು ಬಾಡಿಗೆಗೆ ಬಂದದ್ದು ನಿವೃತ್ತರಾದ ಮೇಲೆ. ಹುಟ್ಟೂರು ಹೊಳವನಹಳ್ಳಿ, ದುಡಿದದ್ದು ಗುಜರಾತಿನ ಕಡೆಯ ಒಂದು ಪ್ರಯೋಗಾಲಯದಲ್ಲಿ. ಸೂರ್ಯನೊಳಗೆ ಆಗುವ ಪರಮಾಣುಗಳ ಸಮ್ಮಿಲನವನ್ನು ಇಲ್ಲೇ ಮಾಡಿ ಕರೆಂಟು ತೆಗೆಯುವ ಪ್ರಯತ್ನವಂತೆ ಅದು. ಅದಕ್ಕಾಗಿ ವಿಪರೀತ ಕಾದ ಪ್ಲಾಸ್ಮಾ ಎಂಬ ಅನಿಲವನ್ನು ಗೋಡೆಗೆ ತಾಗದಂತೆ ಆಯಸ್ಕಾಂತದ ಬಲದಲ್ಲಿ ಹಿಡಿದಿಡುತ್ತಾರೆ. ಅದು ಸುಮ್ಮನಿರುತ್ತದೆಯೇ? ಸುಳಿಸುಳಿಯಾಗಿ ಕದಡಿ ಬಿಸಿಯನ್ನೆಲ್ಲ ಹೊರಗೆ ಸೋರಿಸುತ್ತದೆ. ಆ ಕದಡಾಟವನ್ನು ಅಂಚಿನಲ್ಲಿ ಸಣ್ಣ ಕಡ್ಡಿ ತೂರಿಸಿ ಅಳೆಯುವುದೇ ಮೇಡಂ ಕೆಲಸವಾಗಿತ್ತು.

ಅವರನ್ನು ಕೊರೆಯುತ್ತಿದ್ದದ್ದು ಒಂದೇ. ಅವರ ಕಡ್ಡಿ ತೋರಿಸಿದಷ್ಟು ಕದಡಾಟ ಕಂಪ್ಯೂಟರಿನ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಅಲ್ಲಿ ಆ ಲೆಕ್ಕ ಮಾಡುತ್ತಿದ್ದ ಅವರ ಶಿಷ್ಯೆ ಫೋನು ಮಾಡಿದಾಗಲೆಲ್ಲ ಇದೇ ಜಗಳ. "ಲೆಕ್ಕಾನೇ ತಪ್ಪು ಕಣಮ್ಮ, ನಾನು ಅಳ್ದಿರೋದು ಸರಿಯಾಗೈತೆ" ಎಂದು ಆಮೇಲೆ ನನಗೂ ಹೇಳುವರು. ಜೀವಮಾನವೆಲ್ಲ ನಂಬಿದ ಅಳತೆ ಅದು.

ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಹರಟುತ್ತಿದ್ದರು. ನಾನು ಹಿಟ್ಟು ಸುರಿದು, ಎಂದಿನಂತೆ ನಡುಮಧ್ಯೆ ಕೋಲು ಊರಿ ಬಿಟ್ಟಿದ್ದೆ. ಅದರ ಬುಡದಿಂದ ನೀರು ಗುಳುಗುಳು ಉಕ್ಕುತ್ತಿತ್ತು. ಮೇಡಂ ಒಳಗೆ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಕೋಲು ಇಲ್ದಿದ್ರೆ ಎಲ್ಲಿ ಉಕ್ತಿತ್ತು?"

"ಕೋಲಿಲ್ದೆ ಯಾರ್ ಮುದ್ದೆ ಮಾಡ್ತಾರೆ ಮೇಡಮ್ಮೋರೇ?"

"ಇನ್ನೊಂದು ಪಾತ್ರೆ ಇಡು, ನೋಡಾನ."

"ಗಂಟಾಯ್ತದೆ! ನಮ್ಮೆಜಮಾನ್ರು ಬೈದ್ರೆ?"

"ಗಂಟೆಲ್ಲಾ ನಾನೇ ತಿಂತೀನಿ, ಇಡಮ್ಮ."

ಇಟ್ಟೆ. ಕೋಲಿಲ್ಲದ ಪಾತ್ರೆಯಲ್ಲಿ ಹಿಟ್ಟು ನಡುವೆ ಗುಡ್ಡೆಯಾಗಿ ಕದಲದೆ ಕೂತಿತು. ನೀರು ಅಂಚಿನಲ್ಲಷ್ಟೇ ಸಣ್ಣಗೆ ಉಕ್ಕಿತು. ಮೇಡಂ ಒಂದನ್ನು ನೋಡುವರು, ಮತ್ತೊಂದನ್ನು ನೋಡುವರು. ಮೊದಲಿನದು ತಳ ಹಿಡಿದದ್ದು ಇಬ್ಬರಿಗೂ ತಿಳಿಯಲಿಲ್ಲ. ಹೇಳಿದಂತೆ ಗಂಟೆಲ್ಲ ತಿಂದು ಮೇಲೆ ಹೋಗಿ, ಲೆಕ್ಕದೊಳಗೆ ಕಡ್ಡಿಯನ್ನೂ ಸೇರಿಸಿ ನೋಡುವಂತೆ ಶಿಷ್ಯೆಗೆ ಫೋನು ಮಾಡಿದರು.

ಉತ್ತರ ಬಂದದ್ದು ಅವರೆಕಾಯಿ ಕಾಲದಲ್ಲಿ. ಜಗಲಿಯಲ್ಲಿ ಕೂತು ಇಬ್ಬರೂ ಕಾಯಿ ಸುಲಿಯುತ್ತಿದ್ದೆವು. ಶಿಷ್ಯೆಯ ಮಾತು ಮುಗಿದು ಮೇಡಂ ಫೋನು ಕೆಳಗಿಟ್ಟು ಒಂದು ಕಾಯಿ ಕೈಗೆತ್ತಿಕೊಂಡರು.

"ಕಡ್ಡಿ ಸೇರ್ಸಿದ್ ತಕ್ಷಣ ಲೆಕ್ಕ ನನ್ನ ಅಳತೆಗೆ ಬಂದು ಕೂತ್ಕಂತಂತೆ. ಜಾಸ್ತಿ ಕದಡಿದ್ದೆಲ್ಲಾ ನನ್ನ ಕಡ್ಡೀನೇ ಕಣಮ್ಮ..."

ಕಣ್ಣು ಒದ್ದೆಯಾಗಿತ್ತು. ಒಂದೆರಡು ಕಾಯಿ ಸುಲಿದರೋ ಇಲ್ಲವೋ, ತಲೆಯೆತ್ತಿದರು.

"ಅಂಗಾದ್ರೆ ಮುಟ್ದಂಗೆ ಅಳೆಯೋದು ಹೆಂಗೆ?"

ಅಲೆಗಳನ್ನು ಒಳಗೆ ಬಿಟ್ಟು, ತಿರುಗಿ ಬಂದವುಗಳನ್ನು ಓದುವ ದಾರಿಯೂ ಇದೆಯೆಂದು ಸಂಜೆಯವರೆಗೆ ಹೇಳಿದರು. ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಅವರ ಮುಖ ಮಾತ್ರ ಹೊಸದಾಗಿ ಕೆಲಸಕ್ಕೆ ಸೇರಿದವರ ಹಾಗಿತ್ತು.

ಮುಂದಿನ ಬೇಸಿಗೆಗೆ ಅವರು ಬದುಕಿರಲಿಲ್ಲ...

ಇವತ್ತು ಕೋಲು ಊರದೆ ನೋಡುತ್ತ ನಿಂತೆ. ಅದೇ ಒಲೆ, ಅದೇ ಪಾತ್ರೆ. ನೀರು ಒಂದೇ ಪಕ್ಕಕ್ಕೆ ಜಾಸ್ತಿ ಉಕ್ಕುತ್ತಿತ್ತು. ಯಾಕೆಂದು ಕೇಳಲು ಬಾಗಿಲ ಕಡೆ ತಿರುಗಿದೆ.

ಮುದ್ದೆ ಗಂಟಾಯಿತು. ಈ ಸಲ ನಾನೇ ತಿಂದೆ.