ಗಾಳಿಗೆ ಬಿಟ್ಟ ಗೋಡೆ

ಶಿಡ್ಲಘಟ್ಟದಲ್ಲಿ ಪುರಸಭೆಗೆ ಹೊಸ ಕಟ್ಟಡ ಬಂದಾಗಿನಿಂದ ಹೆಡ್ ಕ್ಲಾರ್ಕ್ ಖಲೀಮುಲ್ಲಾ ಸಾಹೇಬರಿಗೆ ಅದರ ಹೊರತು ಬೇರೆ ಮಾತೇ ಇರಲಿಲ್ಲ. ಕಂದಾಯ ಕಟ್ಟಲು ಬಂದವರನ್ನೂ ಮೊದಲು ನಡುವಿನ ತೆರೆದ ಅಂಗಳಕ್ಕೆ ಕರೆದೊಯ್ದು, ತಾರಸಿಯ ಮಳೆನೀರು ನೆಲದೊಳಗಿನ ತೊಟ್ಟಿಗೆ ಇಳಿಯುವ ಪೈಪನ್ನು ತೋರಿಸಿ, "ನೋಡ್ರಪ್ಪ, ಗಿಡಕ್ಕೂ ಆಯ್ತು, ಕಕ್ಕಸಿಗೂ ಆಯ್ತು" ಎನ್ನುತ್ತಿದ್ದರು. ಹಗಲಲ್ಲಿ ಯಾರಾದರೂ ದೀಪ ಹಾಕಿದರೆ ತಾವೇ ಎದ್ದು ಹೋಗಿ ಆರಿಸುವರು. ಬೆಳಕು ಸರಿದಂತೆ ಮೇಜನ್ನೂ ಅದರ ಹಿಂದೆ ಸರಿಸುತ್ತ, ಸಂಜೆಯ ಹೊತ್ತಿಗೆ ಜನನ ಮರಣ ವಿಭಾಗದವರ ಮಧ್ಯೆ ಕೂತಿರುವರು. ಫ್ಯಾನು ಕೇಳಿದವರನ್ನು ಜಾಲರಿ ಇಟ್ಟಿಗೆಯ ಗೋಡೆಯ ಪಕ್ಕ ಕೂರಿಸಿ, "ಸ್ವಲ್ಪ ಸುಮ್ಕಿರಿ, ಗಾಳಿ ತಾನೇ ಬರ್ತದೆ" ಎಂದು ತಾವೂ ಕಾಯುವರು. ಗಾಳಿ ಬರದಿದ್ದರೆ ಅವರಿಗೇ ಅವಮಾನವಾದಂತೆ. ಧೂಳು ಬರುತ್ತದೆಂದು ಮುಖ್ಯಾಧಿಕಾರಿ ಆ ಗೋಡೆಗೆ ಗಾಜು ಹಾಕಿಸಲು ಹೊರಟಾಗ ಕಚೇರಿಯೆಲ್ಲ ಸಾಹೇಬರ ಭಾಷಣಕ್ಕೆ ಕಾಯಿತು. ಅವರು, "ಊಟದ ಹೊತ್ತಿಗೆ ಒಂದು ಗಳಿಗೆ ಈ ಕಡೆ ಬನ್ನಿ ಸಾರ್" ಎಂದರು, ಅಷ್ಟೇ. ಅಧಿಕಾರಿ ಬಂದಾಗ ಗೋಡೆಯ ಪಕ್ಕದ ಬೆಂಚಿನಲ್ಲಿ ಸಾಹೇಬರ ಹೆಂಡತಿ ಅಖ್ತರಿ ಕೂತಿದ್ದರು. ಮದುವೆಗೆ ಮುಂಚಿನಿಂದಲೂ ಕಿಟಕಿಯಿಲ್ಲದ ಕೋಣೆಯಲ್ಲಿ, ಗೂಡು ಬೇಯುವ ಹಬೆಯಲ್ಲಿ ರೇಷ್ಮೆ ನೂಲು ತೆಗೆದು ಎದೆ ಕೆಡಿಸಿಕೊಂಡವರು. "ಮನೇಲಿ ಮಲಗಿದ್ರೆ ಉಸಿರು ಹಿಡ್ಕೊಂಡ್ಬಿಡ್ತದೆ ಸಾರ್. ಇವರು ಇಲ್ಲಿಗೆ ಕರ್ಕೊಂಡ್ ಬರ್ತಾರೆ, ಇಲ್ಲಿ ಒಂದಿಷ್ಟು ನಿದ್ದೆ ಬರ್ತದೆ" ಎಂದು ಸಂಕೋಚದಿಂದ ಏಳಹೋದರು. ಅಧಿಕಾರಿ ಕೈ ಸನ್ನೆಯಲ್ಲೇ ಅವರನ್ನು ಕೂರಿಸಿ, ಸಾಹೇಬರ ಕಡೆ ತಿರುಗಿ, "ಗಾಜಿನವನಿಗೆ ಬರಬೇಡ ಅಂತ ಹೇಳಿಬಿಡಿ" ಎಂದರು. ಅಖ್ತರಿ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು.